ಹಳೇ ಪಿಎಸ್‌ಪಿಗೆ ಆಟ ಹುಡುಕುವುದು ಹೇಗೆ? ಡಿಸ್ಕಿನ ಎರಡನೇ ಅಕ್ಷರ ನೋಡಿ

ಪಿಎಸ್‌ಪಿ ಅಂದರೆ ಸೋನಿಯವರ, ಕೈಯಲ್ಲಿ ಹಿಡಿದು ಆಡುವ ಗೇಮ್ ಮಷಿನ್. ಅದರಲ್ಲಿ ಯಾವ ಆಟ ಚೆನ್ನಾಗಿದೆ ಅಂತ ಯಾರನ್ನೇ ಕೇಳಿ, ಅದೇ ನಾಲ್ಕು ಹೆಸರು ಬರುತ್ತವೆ. ಗಾಡ್ ಆಫ್ ವಾರ್, ಜಿಟಿಎ, ಟೆಕ್ಕನ್, ಸ್ವಲ್ಪ ತಿಳಿದವರಾದರೆ ಕ್ರೈಸಿಸ್ ಕೋರ್. ಕೆಟ್ಟ ಆಟಗಳೇನಲ್ಲ. ಆದರೆ ಇವೆಲ್ಲ ಟಿವಿ ಮುಂದೆ ಕೂತು ಆಡುವ ಥರದವು, ಕತ್ತರಿಸಿ ಜೇಬಿಗೆ ತುರುಕಿದ ಹಾಗೆ. ಜೇಬಿಗೆ ಅಂತಲೇ ಅಳತೆ ತೆಗೆದು ಹೊಲಿದ ಆಟಗಳು ಬೇರೆ ಇವೆ. ಅವುಗಳಲ್ಲಿ ಹಲವು ಸೋನಿಯದ್ದಲ್ಲ, ಹೊರಗಿನ ಕಂಪನಿಗಳದ್ದು. ಬಂದಾಗ ಹೆಚ್ಚು ಜನ ತಿರುಗಿ ನೋಡಲಿಲ್ಲ. ಅಂಥವನ್ನು ಹುಡುಕುವುದು, ಕೊಳ್ಳುವುದು, ಆಡುವುದು ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು ಮಷಿನ್ ಬದುಕಿದೆಯಾ ನೋಡಿ

ಅಟ್ಟದಿಂದ ಇಳಿಸಿದ ತಕ್ಷಣ ಚಾರ್ಜಿಗೆ ಹಾಕಬೇಡಿ. ಹಿಂದಿನ ಮುಚ್ಚಳ ತೆಗೆದು ಬ್ಯಾಟರಿ ನೋಡಿ. ವರ್ಷಗಟ್ಟಲೆ ಸುಮ್ನೆ ಬಿದ್ದಿದ್ದ ಬ್ಯಾಟರಿ ಪೂರಿ ಥರ ಉಬ್ಬಿರಬಹುದು. ನಮ್ಮನೇದು ಎಷ್ಟು ಉಬ್ಬಿತ್ತು ಅಂದರೆ ಮುಚ್ಚಳ ತಾನಾಗೇ ಎದ್ದು ನಿಂತಿತ್ತು, ನಾನು ಮಕ್ಕಳು ಯಾರೋ ಮುರಿದಿದ್ದಾರೆ ಅಂತ ಸುಮ್ಮನೆ ಬೈದೆ. ಉಬ್ಬಿದ್ದರೆ ಒತ್ತಬೇಡಿ, ಚುಚ್ಚಬೇಡಿ, ಕಸದ ಬುಟ್ಟಿಗೂ ಹಾಕಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಪಿಎಸ್‌ಪಿ ಬ್ಯಾಟರಿ ಇಲ್ಲದೆ ಬರೀ ಚಾರ್ಜರ್ ಮೇಲೂ ಓಡುತ್ತದೆ. ಹಾಗಾಗಿ ಹೊಸ ಬ್ಯಾಟರಿಗೆ ದುಡ್ಡು ಸುರಿಯುವ ಮುಂಚೆ ಚಾರ್ಜರ್ ಚುಚ್ಚಿ ಪರದೆ ಬರುತ್ತದಾ ಅಂತ ನೋಡಿಕೊಳ್ಳಬಹುದು. ಚಾರ್ಜರ್ 5 ವೋಲ್ಟಿನದ್ದೇ ಆಗಿರಬೇಕು, ಪಿನ್ನು ಕೂತಿತು ಅಂತ ಕೈಗೆ ಸಿಕ್ಕಿದ್ದನ್ನೆಲ್ಲ ಚುಚ್ಚಬೇಡಿ.

ಆಮೇಲೆ ಮಾಡೆಲ್. 1000, 2000, 3000 ಯಾವುದಾದರೂ ಸರಿ. 2009ರ ಪಿಎಸ್‌ಪಿ ಗೋ ಆದರೆ ಅದಕ್ಕೆ ಡಿಸ್ಕ್ ಹಾಕುವ ಜಾಗವೇ ಇಲ್ಲ. 2011ರ ಇ-1000 ಆದರೆ ಡಿಸ್ಕ್ ಓಡುತ್ತದೆ, ವೈಫೈ ಇಲ್ಲ. ವೈಫೈ ಇಲ್ಲದಿದ್ದರೆ ಈಗ ದೊಡ್ಡ ನಷ್ಟವೇನೂ ಅಲ್ಲ ಬಿಡಿ, ಪಿಎಸ್‌ಪಿ ಆನ್‌ಲೈನ್ ಸ್ಟೋರಿನ ಬಾಗಿಲು 2021ರ ಜುಲೈನಲ್ಲೇ ಮುಚ್ಚಿತು. ಮೆಮೊರಿ ಸ್ಟಿಕ್ ಮಾತ್ರ ಇರಲೇಬೇಕು. ಅದಿಲ್ಲದೆ ಡಿಸ್ಕಿನ ಆಟ ಶುರುವಾಗುತ್ತದೆ, ಸೇವ್ ಆಗುವುದಿಲ್ಲ. ಹಳೇ ಸ್ಟಿಕ್ ಕೆಟ್ಟಿದ್ದರೆ ಮೈಕ್ರೋ ಎಸ್‌ಡಿ ಕಾರ್ಡ್ ಹಾಕುವ ಅಡಾಪ್ಟರ್ ಸಿಗುತ್ತದೆ, ಫೋನಿನ ಹಳೇ ಕಾರ್ಡ್ ಅದರೊಳಗೆ ಹೋಗುತ್ತದೆ.

ಈಗ ಡಿಸ್ಕಿನ ಅಕ್ಷರ ಓದಿ

ಇದು ನನಗೆ ತಡವಾಗಿ ಗೊತ್ತಾದ ವಿಷಯ. ಪಿಎಸ್‌ಪಿಯ ಪುಟ್ಟ ಡಿಸ್ಕಿಗೆ ಯುಎಂಡಿ ಅಂತ ಹೆಸರು. ಪ್ರತಿ ಯುಎಂಡಿಯ ಮೇಲೆ ಸಣ್ಣದಾಗಿ ನಾಲ್ಕು ಇಂಗ್ಲಿಷ್ ಅಕ್ಷರ, ಆಮೇಲೆ ಐದು ಅಂಕಿ ಇರುತ್ತವೆ. ಮೊದಲನೆಯದು ಯಾವಾಗಲೂ ಯು. ಎರಡನೆಯದು ಸಿ ಆಗಿದ್ದರೆ ಆಟ ಹೊರತಂದದ್ದು ಸೋನಿ, ಎಲ್ ಆಗಿದ್ದರೆ ಹೊರಗಿನ ಕಂಪನಿ. ಮೂರನೆಯದು ದೇಶ: ಯು ಅಂದರೆ ಅಮೆರಿಕ, ಇ ಅಂದರೆ ಯುರೋಪು, ಜೆ ಅಂದರೆ ಜಪಾನ್, ಎ ಅಂದರೆ ಏಷ್ಯಾ. ಇಷ್ಟೇ.

ಆ ಅಕ್ಷರ ಹೇಳುವುದು ಹೊರತಂದವರು ಯಾರು ಅಂತ, ಮಾಡಿದವರು ಯಾರು ಅಂತ ಅಲ್ಲ. ಝಾನ್ ದಾರ್ಕ್ ಅಂತ ಒಂದು ಒಳ್ಳೆಯ ಯುದ್ಧದಾಟ ಇದೆ, ಮಾಡಿದ್ದು ಲೆವೆಲ್-5 ಅನ್ನುವ ಕಂಪನಿ, ಆದರೆ ಹೊರತಂದದ್ದು ಸೋನಿ, ಆದ್ದರಿಂದ ಅದರ ಎರಡನೇ ಅಕ್ಷರ ಸಿ. ಲೊಕೊರೊಕೊ, ಪಟಾಪಾನ್ ಕೂಡ ಹಾಗೇ. ಇವೆಲ್ಲ ಚೆನ್ನಾಗಿವೆ, ಆದರೆ ಇವತ್ತಿನ ಪಟ್ಟಿಗೆ ಬರುವುದಿಲ್ಲ. ನಮಗೆ ಬೇಕಾದ್ದು ಎಲ್.

ನಿಮ್ಮ ಹತ್ತಿರ ಎಷ್ಟು ನಿಮಿಷ ಇದೆ?

ಆಟ ಆರಿಸುವಾಗ ಮಾರ್ಕು, ರ‍್ಯಾಂಕು ನೋಡಬೇಡಿ. ಒಂದು ಸಲ ಕೂತರೆ ಎಷ್ಟು ಹೊತ್ತು ಆಡುತ್ತೀರಿ ಅಂತ ಲೆಕ್ಕ ಹಾಕಿ.

ಐದೇ ನಿಮಿಷ ಅಂತಾದರೆ ಹಾಫ್ ಮಿನಿಟ್ ಹೀರೋ. ಜಪಾನಿನ ಮಾರ್ವೆಲಸ್ ಕಂಪನಿಯದ್ದು, 2009. ನಾನು ಯಾರಿಗೇ ಪಿಎಸ್‌ಪಿ ಕೊಟ್ಟರೂ ಮೊದಲು ಹಾಕಿಕೊಡುವುದು ಇದನ್ನೇ. ರಾಕ್ಷಸ ಒಬ್ಬ ಪ್ರಳಯದ ಮಂತ್ರ ಹೇಳುತ್ತಿದ್ದಾನೆ, 30 ಸೆಕೆಂಡಿನಲ್ಲಿ ಜಗತ್ತು ಮುಗಿಯುತ್ತದೆ, ಅಷ್ಟರಲ್ಲಿ ನಿಮ್ಮ ಹೀರೋ ಬಲ ಬೆಳೆಸಿಕೊಂಡು, ಕತ್ತಿ ಕೊಂಡು, ಅವನ ಕೋಟೆಗೆ ಹೋಗಿ ಹೊಡೆಯಬೇಕು. ಸಾಮಾನ್ಯವಾಗಿ ಇಂಥ ಕಥೆಗೆ ಬೇರೆ ಆಟಗಳು 40 ಗಂಟೆ ತಿನ್ನುತ್ತವೆ. ಕಾಳಗ ತಾನಾಗೇ ನಡೆಯುತ್ತದೆ, ಹೀರೋ ಓಡಿ ಹೋಗಿ ಡಿಕ್ಕಿ ಹೊಡೆಯುತ್ತಾನೆ. ಜೋರಾಗಿ ಓಡಿಸಿದರೆ ಬೇಗ ತಲುಪುತ್ತೀರಿ, ಆದರೆ ಓಡಿದಷ್ಟೂ ಅವನ ಪ್ರಾಣ ಕರಗುತ್ತದೆ. 30 ಸೆಕೆಂಡ್ ಹೇಗೆ ಸಾಲುತ್ತದೆ ಅಂತೀರಾ? ಊರೊಳಗೆ ಹೋದರೆ ಗಡಿಯಾರ ನಿಲ್ಲುತ್ತದೆ. ಅಲ್ಲಿ ಕಾಲದೇವಿಯ ವಿಗ್ರಹ ಇರುತ್ತದೆ. ಹುಂಡಿಗೆ ದುಡ್ಡು ಹಾಕಿದರೆ ಮತ್ತೆ 30 ಸೆಕೆಂಡ್ ಕೊಡುತ್ತಾಳೆ. ಹರಕೆಯ ರೇಟು ಮಾತ್ರ ಪ್ರತಿ ಸಲ ಏರುತ್ತದೆ, ದೇವಿಗೆ ನಾಚಿಕೆಯೇ ಇಲ್ಲ. ಪ್ರತಿ ಹಂತ ಮುಗಿದಾಗಲೂ ಸಿನಿಮಾ ಮುಗಿದ ಹಾಗೆ ಹೆಸರುಗಳು ಮೇಲೇರುತ್ತವೆ. ಬನಶಂಕರಿಯಲ್ಲಿ ಮೆಟ್ರೋ ಹತ್ತಿದರೆ ಮೆಜೆಸ್ಟಿಕ್ ಬರುವಷ್ಟರಲ್ಲಿ ಐದಾರು ಸಲ ಜಗತ್ತು ಉಳಿಸಬಹುದು. ಅದೇ ಡಿಸ್ಕಿನಲ್ಲಿ ರಾಕ್ಷಸನಾಗಿ, ರಾಜಕುಮಾರಿಯಾಗಿ, ಯೋಧನಾಗಿ ಆಡುವ ಬೇರೆ ಆಟಗಳೂ ಇವೆ, ನನಗೆ ಹೀರೋ ಭಾಗದಷ್ಟು ಹಿಡಿಸಲಿಲ್ಲ.

ಹತ್ತು ನಿಮಿಷ ಇದ್ದರೆ ಔಟ್‌ರನ್ 2006. ಸೆಗಾದ್ದು. ಕೆಂಪು ಕಾರು, ಪಕ್ಕದಲ್ಲಿ ಹುಡುಗಿ, ಕವಲೊಡೆಯುವ ರಸ್ತೆ. ಹೆಚ್ಚು ಹೇಳುವುದೇನೂ ಇಲ್ಲ, ಸಂಜೆ ಕಾಫಿ ಜತೆ ಆಡುವಂಥದ್ದು.

ಇಪ್ಪತ್ತು ನಿಮಿಷ ಮತ್ತು ಸ್ವಲ್ಪ ತಲೆ ಖಾಲಿ ಇದ್ದರೆ ಕ್ರಶ್. ಇಂಗ್ಲೆಂಡಿನ ಬ್ರೈಟನ್‌ನ ಜೋಯಿ ಮೋಡ್ ತಂಡ ಮಾಡಿ 2007ರಲ್ಲಿ ಸೆಗಾ ಹೊರತಂದದ್ದು. ನಿದ್ದೆ ಬಾರದ ಡ್ಯಾನಿ ಅನ್ನುವವನು ಡಾಕ್ಟರ ಯಂತ್ರದಲ್ಲಿ ಕೂತು ತನ್ನ ಮನಸ್ಸಿನೊಳಗೇ ಓಡಾಡುತ್ತಾನೆ. ಆಟ ಹೀಗೆ: ರಸ್ತೆಯಲ್ಲಿ ನಿಂತು ನೋಡಿದರೆ ಹತ್ತಿರದ ಮನೆಯ ತಾರಸಿ, ನಾಲ್ಕು ಬೀದಿ ಆಚೆಯ ಮನೆಯ ತಾರಸಿ ಅಂಟಿಕೊಂಡ ಹಾಗೆ ಕಾಣುತ್ತವೆ ಅಲ್ವಾ? ಇಲ್ಲಿ ಒಂದು ಬಟನ್ ಒತ್ತಿದರೆ ನಿಜವಾಗಲೂ ಅಂಟಿಕೊಳ್ಳುತ್ತವೆ. ಇಡೀ ಜಗತ್ತು ಚಿತ್ರಪಟದ ಹಾಗೆ ಚಪ್ಪಟೆಯಾಗುತ್ತದೆ, ನೀವು ಆರಾಮಾಗಿ ಈ ತಾರಸಿಯಿಂದ ಆ ತಾರಸಿಗೆ ನಡೆದು ಹೋಗಿ ಮತ್ತೆ ಬಟನ್ ಒತ್ತಿದರೆ ನಾಲ್ಕು ಬೀದಿ ದಾಟಿ ಆಗಿರುತ್ತದೆ. ಮೇಲಿನಿಂದ ನೋಡುತ್ತಾ ಒತ್ತಿದರೆ ಎತ್ತರ ಮಾಯ, ಗೋಡೆ ಹತ್ತುವ ಕೆಲಸವೇ ಇಲ್ಲ. ದಾರಿಯಲ್ಲಿ ಗೋಲಿಗಳನ್ನು ಆರಿಸಿಕೊಂಡರೆ ಬಾಗಿಲು ತೆರೆಯುತ್ತದೆ. ಮೊದಲ ದಿನ ನಾನು ಒಂದೇ ಮೂಲೆಯಲ್ಲಿ ಮುಕ್ಕಾಲು ಗಂಟೆ ಸಿಕ್ಕಿಕೊಂಡಿದ್ದೆ, ಮಾರನೇ ದಿನ ಹಲ್ಲುಜ್ಜುವಾಗ ಉತ್ತರ ಹೊಳೆಯಿತು.

ಅದೇ ಜಾತಿಯದ್ದು ಟೈಟೋದ ಎಕ್ಸಿಟ್. ಉರಿಯುವ ಕಟ್ಟಡದಿಂದ ಜನರನ್ನು ಹೊರಗೆ ತರಬೇಕು. ದಪ್ಪನೆಯವರು ಭಾರ ತಳ್ಳುತ್ತಾರೆ, ಮಕ್ಕಳು ಸಂದಿಯಲ್ಲಿ ನುಸುಳುತ್ತಾರೆ, ಪೆಟ್ಟಾದವರನ್ನು ಹೊತ್ತುಕೊಂಡೇ ಹೋಗಬೇಕು. ಯಾರನ್ನು ಎಲ್ಲಿ ನಿಲ್ಲಿಸಬೇಕು ಅನ್ನುವುದೇ ಆಟ. ಹೀರೋ ಸ್ವಲ್ಪ ಗಡುಸು, ಹೇಳಿದ ಮಾತು ತಡವಾಗಿ ಕೇಳುತ್ತಾನೆ. ಎರಡು ದಿನ ಸಹಿಸಿಕೊಂಡರೆ ಅಭ್ಯಾಸವಾಗುತ್ತದೆ.

ಭಾನುವಾರ ಮಧ್ಯಾಹ್ನ ಪೂರ್ತಿ ನಿಮ್ಮದೇ ಆಗಿದ್ದರೆ ಕೊನಾಮಿಯ ಮೆಟಲ್ ಗಿಯರ್ ಆ್ಯಸಿಡ್ 2. ಮೆಟಲ್ ಗಿಯರ್ ಅಂದ ಮೇಲೆ ಕದ್ದು ಮುಚ್ಚಿ ಓಡಾಡುವುದು ಇದ್ದೇ ಇದೆ, ಆದರೆ ಇಲ್ಲಿ ನಡೆಯುವುದು, ಗುಂಡು ಹಾರಿಸುವುದು ಎಲ್ಲಾ ಕಾರ್ಡಿನಿಂದ. ಪ್ರತಿ ಕಾರ್ಡಿಗೂ ಒಂದು ಬೆಲೆ ಇದೆ, ದುಬಾರಿ ಕಾರ್ಡ್ ಇಳಿಸಿದರೆ ನಿಮ್ಮ ಸರದಿ ಮತ್ತೆ ಬರುವುದು ತಡ. ಇಸ್ಪೀಟಿನಲ್ಲಿ ತುರುಪು ಬಚ್ಚಿಟ್ಟುಕೊಳ್ಳುವವರಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಇದರ ಜತೆ ಕನ್ನಡಕದ ಹಾಗೆ ಕಣ್ಣಿಗಿಟ್ಟು ನೋಡುವ, ಮಡಚಿ ಮಾಡುವ ರಟ್ಟಿನ ಪೆಟ್ಟಿಗೆ ಒಂದು ಬರುತ್ತಿತ್ತು, ಅದರೊಳಗೆ ಪಿಎಸ್‌ಪಿ ಇಟ್ಟು ನೋಡಿದರೆ ತ್ರೀಡಿ. ಹಳೇ ಪ್ರತಿಯಲ್ಲಿ ಆ ರಟ್ಟು ಉಳಿದಿದ್ದರೆ ನಿಮ್ಮ ಪುಣ್ಯ, ಇಲ್ಲದಿದ್ದರೂ ಆಟಕ್ಕೆ ಏನೂ ಕೊರತೆ ಇಲ್ಲ.

ಕೊನಾಮಿಯದ್ದೇ ಇನ್ನೊಂದು, ಡ್ರಾಕುಲಾ ಎಕ್ಸ್ ಕ್ರಾನಿಕಲ್ಸ್, 2007. 1993ರಲ್ಲಿ ಜಪಾನಿನಲ್ಲಿ ಮಾತ್ರ ಬಂದಿದ್ದ ಕ್ಯಾಸಲ್‌ವೇನಿಯಾ ಆಟದ ಹೊಸ ರೂಪ. ಕಷ್ಟ ಜಾಸ್ತಿ. ಆದರೆ ಒಳಗೆ ಬಚ್ಚಿಟ್ಟ ವಸ್ತುಗಳನ್ನು ಹುಡುಕಿದರೆ ಮೂಲ ಆಟವೂ, ಹೆಸರುವಾಸಿ ಸಿಂಫನಿ ಆಫ್ ದಿ ನೈಟ್ ಕೂಡ ತೆರೆದುಕೊಳ್ಳುತ್ತವೆ. ಒಂದರ ದುಡ್ಡಿಗೆ ಮೂರು, ಕೆಲಸ ಮಾಡಿದರೆ ಮಾತ್ರ.

ಕೊಳ್ಳುವಾಗ

ಪಿಎಸ್‌ಪಿ ಆಟಗಳಿಗೆ ದೇಶದ ಬೀಗ ಇಲ್ಲ, ಯಾವ ದೇಶದ ಡಿಸ್ಕೂ ಯಾವ ಮಷಿನ್ನಿನಲ್ಲೂ ಓಡುತ್ತದೆ. ಅಮೆರಿಕದಲ್ಲೋ ದುಬೈಯಲ್ಲೋ ನೆಂಟರಿದ್ದರೆ ಬರುವಾಗ ತನ್ನಿ ಅಂತ ಧೈರ್ಯವಾಗಿ ಹೇಳಬಹುದು. ಭಾಷೆಯ ಕಡೆ ಮಾತ್ರ ಎಚ್ಚರ. ನಾನು ಆನ್‌ಲೈನ್‌ನಲ್ಲಿ ಒಬ್ಬರ ಹತ್ತಿರ ತರಿಸಿದ ಡಿಸ್ಕಿನ ಡಬ್ಬ ಇಂಗ್ಲಿಷಿನದ್ದು, ಒಳಗಿದ್ದದ್ದು ಜಪಾನಿನದ್ದು. ಸರಿ ಅನ್ನಲು ಗುಣಾಕಾರದ ಬಟನ್ ಒತ್ತುತ್ತಾ ಹೋದೆ, ಅದು ಹಿಂದೆ ಹಿಂದೆ ಹೋಗುತ್ತಿತ್ತು. ಜಪಾನಿನ ಆಟಗಳಲ್ಲಿ ಸೊನ್ನೆ ಅಂದರೆ ಸರಿ, ಗುಣಾಕಾರ ಅಂದರೆ ಬೇಡ ಅಂತ ಆಮೇಲೆ ತಿಳಿಯಿತು. ಆದ್ದರಿಂದ ಮಾರುವವರಿಗೆ ಡಬ್ಬದ ಫೋಟೋ ಅಲ್ಲ, ಡಿಸ್ಕಿನದ್ದೇ ಫೋಟೋ ಕಳಿಸಿ ಅನ್ನಿ. ಮೂರನೇ ಅಕ್ಷರ ಓದಲು ಬರಬೇಕು. ಹಿಂಭಾಗದ್ದೂ ಕೇಳಿ: ಯುಎಂಡಿಗೆ ಹಿಂದುಗಡೆ ಮುಚ್ಚಳ ಇರುವುದಿಲ್ಲ, ಕಿಟಕಿ ತೆರೆದೇ ಇರುತ್ತದೆ, ಅಲ್ಲಿ ಧೂಳು, ಗೀರು ಕೂರುತ್ತವೆ. ಪ್ಲಾಸ್ಟಿಕ್ ಕವಚ ಎರಡು ಹೋಳಾಗಿ ಬಿಟ್ಟುಕೊಂಡಿದ್ದರೆ ಗಾಬರಿ ಬೇಡ, ಖಾಲಿ ಕವಚ ಬೇರೆ ಸಿಗುತ್ತದೆ. ಒಳಗಿನ ತಟ್ಟೆ ಗೀರಿದ್ದರೆ ಬಿಟ್ಟುಬಿಡಿ.

ಮಷಿನ್ನೇ ಸತ್ತಿದ್ದರೆ ಹಾಫ್ ಮಿನಿಟ್ ಹೀರೋ ಕಂಪ್ಯೂಟರಿಗೂ ಬಂದಿದೆ, ಹೆಸರಿನ ಕೊನೆಗೆ ಸೂಪರ್ ಮೆಗಾ ನಿಯೋ ಕ್ಲೈಮ್ಯಾಕ್ಸ್ ಅಲ್ಟಿಮೇಟ್ ಬಾಯ್ ಅಂತ ಬಾಲ ಸೇರಿಸಿದ್ದಾರೆ. ತಮಾಷೆ ಅಲ್ಲ, ಅದೇ ಪೂರ್ತಿ ಹೆಸರು.

ಆಡುತ್ತಾ ಸ್ಟೇಷನ್ ಬಂದುಬಿಟ್ಟರೆ ಬಲಗಡೆಯ ಪವರ್ ಸ್ವಿಚ್ಚನ್ನು ಒಮ್ಮೆ ಮೇಲಕ್ಕೆ ತಳ್ಳಿ ಬಿಡಿ, ಆಟ ಇದ್ದಲ್ಲೇ ನಿದ್ದೆ ಹೋಗುತ್ತದೆ. ಹಾಗೇ ಹಿಡಿದುಕೊಂಡರೆ ಪೂರ್ತಿ ಆಫ್, ಸೇವ್ ಮಾಡಿರದಿದ್ದರೆ ಎಲ್ಲಾ ಹೋಯಿತು. ಅದೇ ಸ್ವಿಚ್ಚನ್ನು ಕೆಳಕ್ಕೆ ತಳ್ಳಿದರೆ ಬಟನ್‌ಗಳಿಗೆ ಬೀಗ. ಪರದೆ ಇದೆ, ಬಟನ್ ಯಾವುದೂ ಕೆಲಸ ಮಾಡುತ್ತಿಲ್ಲ ಅಂತ ರಿಪೇರಿಗೆ ಓಡುವ ಮುಂಚೆ ಒಮ್ಮೆ ಅದನ್ನು ನೋಡಿ.