ಬೇ ಏರಿಯಾದಲ್ಲಿ ನನ್ನ ಪುಟ್ಟ ರಿಪೀಟರ್

ಬೇ ಏರಿಯಾದಲ್ಲಿ ರಿಪೀಟರ್ ಕಟ್ಟುವುದು ಸುಲಭ, ಅದಕ್ಕೆ ಬ್ಯಾಂಡಿನಲ್ಲಿ ಜಾಗ ಸಿಗುವುದೇ ಕಷ್ಟ. ಹ್ಯಾಮ್, ಅಂದರೆ ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೋದವರು, ಅಲ್ಲದವರಿಗೆ ಒಂದು ಮಾತು. ರಿಪೀಟರ್ ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿಸಿಕೊಂಡಿದ್ದನ್ನು ಅದೇ ಕ್ಷಣ ಇನ್ನೊಂದರಲ್ಲಿ ಬಿತ್ತರಿಸುತ್ತದೆ. ಅಂದರೆ ಅದಕ್ಕೆ ಒಂದು ಜೋಡಿ ಫ್ರೀಕ್ವೆನ್ಸಿ ಬೇಕು. 2 ಮೀಟರ್ ಬ್ಯಾಂಡಿನಲ್ಲಿ ಇವೆರಡರ ಅಂತರ 600 ಕಿಲೋಹರ್ಟ್ಸ್, 70 ಸೆಂಟಿಮೀಟರಿನಲ್ಲಿ (440 ಮೆಗಾಹರ್ಟ್ಸ್ ಸುತ್ತಮುತ್ತಲ ಬ್ಯಾಂಡ್) 5 ಮೆಗಾಹರ್ಟ್ಸ್. ಅಂತರ ಜಾಸ್ತಿ ಇದ್ದಷ್ಟೂ ಡ್ಯುಪ್ಲೆಕ್ಸರ್, ಅಂದರೆ ಒಂದೇ ಆಂಟೆನಾದಲ್ಲಿ ಕೇಳುವುದನ್ನೂ ಕಳಿಸುವುದನ್ನೂ ಬೇರ್ಪಡಿಸುವ ಫಿಲ್ಟರ್, ಚಿಕ್ಕದಾಗುತ್ತದೆ. ಗ್ಯಾರೇಜಿನಲ್ಲಿ ಕಾರಿಗೂ ಜಾಗ ಬೇಕಲ್ವಾ? ಹಾಗಾಗಿ 70 ಸೆಂಟಿಮೀಟರನ್ನೇ ಆರಿಸಿಕೊಂಡೆ.

ಅಮೆರಿಕದ ರೇಡಿಯೋ ನಿಯಂತ್ರಕ ಎಫ್‌ಸಿಸಿಯ ಹ್ಯಾಮ್ ನಿಯಮಗಳನ್ನು, ಅಂದರೆ ಭಾಗ 97 ಓದಿದರೆ ಎಲ್ಲ ಸಲೀಸು ಅನಿಸುತ್ತದೆ. ಮೊದಲ ಹಂತದ ಟೆಕ್ನಿಶಿಯನ್ ಲೈಸೆನ್ಸ್ ಇದ್ದವರೂ ರಿಪೀಟರ್ ನಡೆಸಬಹುದು. ಯಾವ ಫ್ರೀಕ್ವೆನ್ಸಿಯೂ ಯಾರೊಬ್ಬರ ಸ್ವತ್ತಲ್ಲ. 435ರಿಂದ 438 ಮೆಗಾಹರ್ಟ್ಸ್‌ನಂಥ ಕೆಲವು ತುಂಡುಗಳಲ್ಲಿ ಮಾತ್ರ ರಿಪೀಟರ್ ಕೂಡದು. ಆದರೆ ಒಳಗೆ ಇನ್ನೊಂದು ಸಾಲಿದೆ. ಎರಡು ರಿಪೀಟರ್‌ಗಳು ಒಂದಕ್ಕೊಂದು ತೊಂದರೆ ಕೊಟ್ಟರೆ ಸರಿಮಾಡುವ ಹೊಣೆ ಇಬ್ಬರದೂ ಸಮ. ಒಂದಕ್ಕೆ ಕೋಆರ್ಡಿನೇಶನ್ (ಫ್ರೀಕ್ವೆನ್ಸಿ ಜೋಡಿಗಳನ್ನು ಹೊಂದಿಸಿಕೊಡುವ ಕೋಆರ್ಡಿನೇಟರಿನ ಒಪ್ಪಿಗೆ) ಇದ್ದು ಇನ್ನೊಂದಕ್ಕೆ ಇಲ್ಲದಿದ್ದರೆ, ಮುಖ್ಯ ಹೊಣೆ ಇಲ್ಲದವನದ್ದು. ಸ್ವತ್ತಲ್ಲ ಅಂತ ಕೊಟ್ಟಿದ್ದನ್ನು ಈ ಒಂದು ಸಾಲು ಅರ್ಧ ವಾಪಸ್ ಕಿತ್ತುಕೊಳ್ಳುತ್ತದೆ.

ಈ ಕೋಆರ್ಡಿನೇಟರುಗಳು ಸರ್ಕಾರದವರಲ್ಲ. ಆಯಾ ಪ್ರದೇಶದ ಹ್ಯಾಮ್‌ಗಳೇ ಒಪ್ಪಿಕೊಂಡ ಹ್ಯಾಮ್‌ಗಳು. ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಈ ಕೆಲಸ ಎನ್‌ಎಆರ್‌ಸಿಸಿ ಅನ್ನುವ ಸಂಘದ್ದು. ನಮ್ಮ ಕಡೆ ರಿಪೀಟರ್‌ಗಳು 440ರಿಂದ 445ರ ಒಳಗೆ ಮಾತಾಡಿ, 5 ಮೆಗಾಹರ್ಟ್ಸ್ ಮೇಲೆ ಕೇಳುತ್ತವೆ. ಲಾಸ್ ಏಂಜಲೀಸ್ ಕಡೆ ಇದು ಉಲ್ಟಾ. ಕಾರಿನಲ್ಲಿ ದಕ್ಷಿಣಕ್ಕೆ ಹೋಗುವವರು ರೇಡಿಯೋದಲ್ಲಿ ಆಫ್‌ಸೆಟ್, ಅಂದರೆ ಆ ಅಂತರದ ದಿಕ್ಕು, ಬದಲಿಸಲೇಬೇಕು. ಇದಕ್ಕೆಲ್ಲ ಕಾನೂನು ಇಲ್ಲ, ಬರೀ ರೂಢಿ.

ಪಟ್ಟಿ ತೆಗೆದು ನೋಡಿದರೆ ಒಳ್ಳೆಯ ಜೋಡಿಗಳೆಲ್ಲ ಹೋಗಿವೆ. ಕೆಲವು ರಿಪೀಟರ್‌ಗಳಲ್ಲಿ ವಾರಗಟ್ಟಲೆ ಯಾರ ದನಿಯೂ ಇಲ್ಲ, ಆದರೂ ಜಾಗ ಹಿಡಿದು ಕೂತಿವೆ. ನನಗೆ ಸಿಟ್ಟು ಬಂದಿದ್ದು ನಿಜ. ಹಾಗಂತ ಖಾಲಿ ಕಂಡಲ್ಲಿ ನುಗ್ಗುವುದು ತರವಲ್ಲ. ಭೂಕಂಪ ಆದ ದಿನಕ್ಕೆ ಅಂತಲೇ ಸುಮ್ನೆ ಕಾಯುವ ರಿಪೀಟರ್‌ಗಳೂ ಇರುತ್ತವೆ. ಕೊನೆಗೆ ನಾನು ಹಿಡಿದಿದ್ದು ಹಂಚಿಕೆಯ ಜೋಡಿ, ಅಂದರೆ ಯಾರಿಗೂ ರಕ್ಷಣೆ ಇಲ್ಲದ್ದು. ನಾನೂ ಬಳಸಬಹುದು, ಗುಡ್ಡದ ಆಚೆಯವನೂ ಬಳಸಬಹುದು. ತಕರಾರು ಬಂದರೆ ಇಬ್ಬರೇ ಮಾತಾಡಿ ಮುಗಿಸಿಕೊಳ್ಳಬೇಕು. ಬಂತು ಕೂಡ. ರಿಪೀಟರ್ ತೆರೆಯಲು ಮಾತಿನ ಜೊತೆ ಕಳಿಸುವ ಸಣ್ಣ ಸದ್ದಿಗೆ ಟೋನ್ ಅಂತಾರೆ; ಅವನ ಟೋನ್ ಬೇರೆ, ನನ್ನ ಟೋನ್ ಬೇರೆ ಮಾಡಿಕೊಂಡೆವು. ನಾನು ಪವರ್ ಇಳಿಸಿದೆ.

ಪವರ್ ಇಳಿಸಲು ನನಗೇನೂ ಬೇಜಾರಿರಲಿಲ್ಲ. 70 ಸೆಂಟಿಮೀಟರಿನಲ್ಲಿ ಹ್ಯಾಮ್‌ಗಳು ಎರಡನೇ ಸಾಲಿನವರು, ಮೊದಲ ಹಕ್ಕು ಮಿಲಿಟರಿ ರೇಡಾರಿನದ್ದು. ಬೀಲ್ ವಾಯುನೆಲೆಯ ಪೇವ್ ಪಾಸ್ ರೇಡಾರಿಗೆ ತೊಂದರೆ ಆಗುತ್ತಿದೆ ಅಂತ 2007ರಲ್ಲಿ ಈ ಭಾಗದ ಎಷ್ಟೋ ರಿಪೀಟರ್‌ಗಳಿಗೆ ಪವರ್ ತಗ್ಗಿಸಲು ಸೂಚನೆ ಬಂದಿತ್ತು. ಆ ನೆಲೆಯ ಸುತ್ತ 240 ಕಿಲೋಮೀಟರ್ ಒಳಗೆ 50 ವ್ಯಾಟಿನ ಮಿತಿ ಇದೆ. ನಾನಿರುವ ಸನ್ನಿವೇಲ್ ಅದರೊಳಗೇ ಬರುತ್ತದೆ.

ಇನ್ನು ಮಾತಿನ ರೂಢಿ. ರಿಪೀಟರಿನಲ್ಲಿ ಯಾರೂ ಉದ್ದಕ್ಕೆ ಸಿಕ್ಯೂ (ಯಾರಾದರೂ ಉತ್ತರಿಸಿ ಅನ್ನುವ ಕರೆ) ಕರೆಯುವುದಿಲ್ಲ. ಕಾಲ್ ಸೈನ್, ಅಂದರೆ ಲೈಸೆನ್ಸಿನ ಜೊತೆ ಸಿಗುವ ಗುರುತು, ಹೇಳಿ, ಕೇಳ್ತಾ ಇದ್ದೇನೆ ಅಂದರೆ ಸಾಕು. ಒಬ್ಬರು ಬಟನ್ ಬಿಟ್ಟ ಮೇಲೆ ಬೀಪ್ ಬರುವ ತನಕ ಕಾಯಬೇಕು. ತುರ್ತಾಗಿ ನಡುವೆ ಬರಬೇಕಾದವರಿಗೆ ಸಿಗುವುದು ಆ ಸಂದಿ ಮಾತ್ರ. ಕಾಲ್ ಸೈನ್ ಹತ್ತು ನಿಮಿಷಕ್ಕೊಮ್ಮೆ, ಮುಗಿಸುವಾಗ ಇನ್ನೊಮ್ಮೆ. ಸುಮ್ಮನೆ ಬಟನ್ ಒತ್ತಿ ಬಿಡುವವರು ಎಲ್ಲ ಕಡೆಯೂ ಇದ್ದಾರೆ, ಅವರಿಗೆ ಮದ್ದಿಲ್ಲ.

ಕನ್ನಡದಲ್ಲಿ ಮಾತಾಡಬಹುದಾ ಅಂತ ಇಲ್ಲಿನ ಗೆಳೆಯರು ಕೇಳುತ್ತಾರೆ. ಧಾರಾಳವಾಗಿ. ಕಾಲ್ ಸೈನ್ ಮಾತ್ರ ಇಂಗ್ಲಿಷಿನಲ್ಲೇ ಹೇಳಬೇಕು ಅಂತ ನಿಯಮವಿದೆ. ನಮ್ಮ ಪುಟ್ಟ ರಿಪೀಟರಿನಲ್ಲಿ ಸಂಜೆ ಕನ್ನಡ ಕೇಳುತ್ತದೆ. ಬೇರೆಯವರ ದೊಡ್ಡ ರಿಪೀಟರಿನಲ್ಲಿ ಆದರೆ ನಾವು ನಾಲ್ಕು ಮಾತಾಡಿ ಸಿಂಪ್ಲೆಕ್ಸಿಗೆ, ಅಂದರೆ ರಿಪೀಟರ್ ಇಲ್ಲದ ನೇರ ಮಾತಿಗೆ, ಇಳಿಯುತ್ತೇವೆ. ಅದೂ ಎಲ್ಲರೂ ಕರೆಯಲು ಬಳಸುವ 446.000 ಮೆಗಾಹರ್ಟ್ಸ್‌ನಲ್ಲಿ ಕೂತು ಹರಟುವುದಿಲ್ಲ. ಅಲ್ಲಿ ಒಬ್ಬರನ್ನೊಬ್ಬರು ಕರೆದುಕೊಂಡು ಬೇರೆ ಕಡೆ ಸರಿಯುತ್ತೇವೆ.