ತೊಗರಿ ಕೀಡಿಯನ್ನು ಡಬ್ಬಿಯಲ್ಲಿ ಸಾಕಿ ನೋಡಿದೆ

ಮೊದಲ ಸಲ ಒಂದೇ ಡಬ್ಬಿಯಲ್ಲಿ ಐದು ಕೀಡಿ ಹಾಕಿದ್ದೆ. ಬೆಳಿಗ್ಗೆ ಮುಚ್ಚಳ ತೆಗೆದರೆ ಎರಡೇ ಇದ್ದವು. ಮಿಕ್ಕವನ್ನು ಇವೇ ತಿಂದು ಮುಗಿಸಿದ್ದವು. ಈ ಕೀಡಿಯೇ ಕಾಯಿಕೊರಕ, ವಿಜ್ಞಾನದ ಹೆಸರು ಹೆಲಿಕೋವರ್ಪಾ. ತನ್ನವರನ್ನೂ ಬಿಡುವುದಿಲ್ಲ. ಆಮೇಲೆ ಒಂದೊಂದಕ್ಕೆ ಒಂದೊಂದು ಡಬ್ಬಿ. ಅವ್ವನ ಮಸಾಲೆ ಡಬ್ಬಿಗಳು ಖಾಲಿಯಾದವು, ಬೈಗುಳವೂ ಬಿತ್ತು.

ನಮ್ಮದು ಕಲಬುರಗಿ ಕಡೆಯ ಎರಿ ಹೊಲ, ಅಂದರೆ ಕಪ್ಪು ಮಣ್ಣಿನದು. ಮುಂಗಾರಿಗೆ ತೊಗರಿ, ಹಿಂಗಾರಿಗೆ ಪಕ್ಕದ ತುಂಡಿನಲ್ಲಿ ಕಡಲೆ. ಕೀಡಿಗೆ ಹೊಡೆದ ಎಣ್ಣೆ, ಅಂದರೆ ಕೀಟನಾಶಕ, ಒಂದು ಸಲ ನಾಟುತ್ತಿತ್ತು, ಇನ್ನೊಂದು ಸಲ ಸುಮ್ನೆ ದುಡ್ಡು ದಂಡ. ಯಾಕೆ ಅಂತ ನೋಡೋಣ ಎಂದೇ ಕೀಡಿ ಸಾಕಿದ್ದು.

ಕೆಲವಕ್ಕೆ ಬರೀ ತೊಗರಿ ಎಲೆ ಕೊಟ್ಟೆ. ಕೆಲವಕ್ಕೆ ಮೊದಲು ಹೂ, ಆಮೇಲೆ ಹಸಿ ಕಾಯಿ. ಹೂ, ಕಾಯಿ ತಿಂದವು ಎರಡು ವಾರ ದಾಟುವಷ್ಟರಲ್ಲಿ ದಪ್ಪಗಾಗಿ, ಡಬ್ಬಿಯ ತಳದ ಮಣ್ಣಿಗಿಳಿದು ಕೋಶ ಕಟ್ಟಿದವು. ಎಲೆಯವು ಇನ್ನೂ ನಾಲ್ಕೈದು ದಿನ ಎಳೆದವು, ಕೋಶವೂ ಚಿಕ್ಕದು. ಸಣ್ಣ ಕೋಶದಿಂದ ಬಂದ ಪತಂಗ ಮೊಟ್ಟೆಯನ್ನೂ ಕಡಿಮೆ ಇಡುತ್ತದೆ.

ನನಗೆ ಜಾಸ್ತಿ ಆಶ್ಚರ್ಯ ಆಗಿದ್ದು ಬೇರೆ. ಆಗಷ್ಟೇ ಮೊಟ್ಟೆಯೊಡೆದ ಮರಿಗಳನ್ನು ನೇರ ಕಾಯಿಯ ಮೇಲೆ ಬಿಟ್ಟರೆ ಅವು ಕೊರೆಯಲೇ ಇಲ್ಲ, ಅಲ್ಲಿಲ್ಲಿ ತಿರುಗಾಡಿದವು. ಭೂತಗನ್ನಡಿ ಹಿಡಿದು ನೋಡಿದೆ. ಕಾಯಿಯ ತುಂಬ ಸಣ್ಣ ಕೂದಲು, ಕೆಲವು ಅಂಟಂಟು. ಮರಿಗೆ ಅದು ಮುಳ್ಳುಕಂಟಿ ಇದ್ದ ಹಾಗೆ. ಅದಕ್ಕೇ ಹೊಲದಲ್ಲೂ ಮರಿಗಳು ಮೊದಲು ಹೂ, ಮೊಗ್ಗು ತಿನ್ನುತ್ತವೆ, ಬಲಿತ ಮೇಲೆ ಕಾಯಿಗೆ ಬರುತ್ತವೆ. ಕಾಯಿಗೆ ತೂತು ಬಿದ್ದ ಮೇಲೆ ನಾನು ಪಂಪು ಹೆಗಲಿಗೇರಿಸುತ್ತಿದ್ದೆ. ಅಷ್ಟರಲ್ಲಿ ತಡವಾಗಿರುತ್ತಿತ್ತು, ಅಲ್ವಾ?

ಕಡಲೆ ಎಲೆ ಕೊಟ್ಟ ಡಬ್ಬಿಗಳಲ್ಲೂ ಕೀಡಿ ನಿಧಾನ. ಕಡಲೆ ಗಿಡದ ಮೈಯಲ್ಲಿ ಹುಳಿ ಇರುತ್ತದೆ. ನಮ್ಮ ಕಡೆ ಹಿಂದೆ ಇಬ್ಬನಿ ಬಿದ್ದ ಬೆಳಿಗ್ಗೆ ಗಿಡದ ಮೇಲೆ ಬಟ್ಟೆ ಹಾಸಿ, ಹಿಂಡಿ, ಹೊಟ್ಟೆನೋವಿಗೆ ಇಡುತ್ತಿದ್ದರು. ಅದರಲ್ಲಿ ಮ್ಯಾಲಿಕ್, ಆಕ್ಸಾಲಿಕ್ ಆಮ್ಲ ಇವೆ. ಆಕ್ಸಾಲಿಕ್ ಮರಿಗಳ ಬೆಳವಣಿಗೆ ತಡೆಯುತ್ತದೆ. ಹಾಗಂತ ಕಡಲೆ ಬಚಾವ್ ಅಲ್ಲ. ಕಾಯಿ ಕಟ್ಟಿದರೆ ಕೀಡಿ ಅರ್ಧ ಮೈ ಹೊರಗೆ ಬಿಟ್ಟುಕೊಂಡೇ ಕಾಳು ತಿನ್ನುತ್ತದೆ.

ಈಗ ತೊಗರಿ ಮೊಗ್ಗು ಬಿಡುವಾಗಲೇ ಮೋಹಕ ಬಲೆ ಕಟ್ಟುತ್ತೇನೆ, ಹೆಣ್ಣು ಪತಂಗದ ವಾಸನೆ ತೋರಿಸಿ ಗಂಡನ್ನು ಸೆಳೆಯುವ ಬಲೆ. ಪತಂಗ ಬೀಳಲು ಶುರುವಾದರೆ ದಿನಾ ಹೂಗೊಂಚಲು ಬಿಡಿಸಿ ನೋಡುತ್ತೇನೆ. ಮರಿ ಸಣ್ಣದಿದ್ದಾಗ ಕೀಡಿಗೆ ರೋಗ ತರುವ ಎನ್‌ಪಿವಿ ನಂಜಾಣುವಿನ (ವೈರಸ್) ದ್ರಾವಣ, ಹೆಕ್ಟೇರಿಗೆ 250 ಎಲ್‌ಇ (ರೋಗ ಹಿಡಿದ 250 ಕೀಡಿಗಳಲ್ಲಿ ಇರುವಷ್ಟು ನಂಜಾಣು), ಅದೂ ಸಂಜೆಗೆ. ಬಿಸಿಲಿಗೆ ನಂಜಾಣು ಸಾಯುತ್ತದೆ. ದೊಡ್ಡ ಕೀಡಿ ಕಂಡರೆ ಗಿಡದ ಕೆಳಗೆ ತಾಡಪಾಲು ಹಾಸಿ ಮೆಲ್ಲಗೆ ಅಲ್ಲಾಡಿಸುತ್ತೇವೆ. ಉದುರಿದ್ದೆಲ್ಲ ಕೋಳಿಗೆ.

ಇನ್ನೊಂದು ತೊಡಕು ಉಳಿದಿತ್ತು. ನನ್ನ ತೊಗರಿ ಬಲಿಯುವಾಗ ಪಕ್ಕದ ಕಾಕಾನ ತಡ ತಳಿ ಹೂ ಬಿಡುತ್ತಿತ್ತು. ಅದು ಮುಗಿಯುವಷ್ಟರಲ್ಲಿ ನನ್ನ ಕಡಲೆ ಹೂವಿಗೆ ಬರುತ್ತಿತ್ತು. ಕೀಡಿಗೆ ಊಟ ತಪ್ಪುತ್ತಲೇ ಇರಲಿಲ್ಲ. ಡಬ್ಬಿಗಳನ್ನು ಕಾಕಾಗೆ ತೋರಿಸಿದೆ. ಈ ಸಲ ಇಬ್ಬರೂ ಒಂದೇ ತಳಿ, ಒಂದೇ ವಾರ ಬಿತ್ತಿದ್ದೇವೆ. ಅವರ ಆಚೆಯ ಹೊಲದವರು ಮಾತ್ರ ಇನ್ನೂ ಒಪ್ಪಿಲ್ಲ.