ಕಲಬುರಗಿ ಬಿಸಿಲಿಗೆ ಒಗ್ಗುವ ಅಲಾರಂ: ಅಕ್ಕನ ಮನೆಗೆ ನಾನು ಹಾಕಿದ ರೀತಿ

ಮೇ ತಿಂಗಳ ಮಧ್ಯಾಹ್ನ, ಕಿಟಕಿ ಬಾಗಿಲು ಮುಚ್ಚಿದ ಮನೆಯೊಳಗೆ ಕಳ್ಳನ ಓಡಾಟ ಹಿಡಿಯುವ ಅಲಾರಂನ ಮೋಷನ್ ಸೆನ್ಸರ್‌ಗೆ ಮನುಷ್ಯ ಸರಿಯಾಗಿ ಕಾಣುವುದೇ ಇಲ್ಲ. ಪಿಐಆರ್ ಅನ್ನುವ ಈ ಸೆನ್ಸರ್ ಹಿಡಿಯುವುದು ಮೈಯ ಬಿಸಿಗೂ ಹಿಂದಿನ ಗೋಡೆಯ ಬಿಸಿಗೂ ಇರುವ ವ್ಯತ್ಯಾಸವನ್ನು. ಹೊರಗೆ 42-43 ಡಿಗ್ರಿ ಕಾಯುವಾಗ ನಮ್ಮ ಕಲ್ಲಿನ ಮನೆಗಳ ಗೋಡೆಯೂ ಮೈಯ ಬಿಸಿಯ ಹತ್ತಿರಕ್ಕೇ ಬಂದಿರುತ್ತದೆ. ಆಗ ಡಬ್ಬಿಯ ಮೇಲೆ ಬರೆದಷ್ಟು ದೂರ ಅದು ನೋಡಲಾರದು. ಬಿಸಿಗೆ ತಕ್ಕಂತೆ ತಾನೇ ಹೊಂದಿಸಿಕೊಳ್ಳುವ ಸೆನ್ಸರ್‌ಗಳೂ ಸಿಗುತ್ತವೆ, ತಗೊಂಡರೆ ಅಂಥದ್ದನ್ನೇ ತಗೋಬೇಕು.

ನಾನು ವೈರಿಂಗ್ ಕೆಲಸದವನು. ಬ್ರಹ್ಮಪುರದ ಅಕ್ಕನ ಹಳೆಯ ಮನೆಗೆ ಅಲಾರಂ ಕೂಡಿಸುವಾಗ ಪಿಐಆರ್ ಒಂದನ್ನು ಪಡಸಾಲೆಗೆ ಹಾಕಿದೆ, ಉಳಿದ ಭಾರವನ್ನೆಲ್ಲ ಬಾಗಿಲುಗಳ ಮೇಲೆ ಹೊರಿಸಿದೆ. ಶರಣಬಸವೇಶ್ವರ ಜಾತ್ರೆಯಲ್ಲಿ ತೇರು ಎಳೆಯುವ ಸಂಜೆ ಓಣಿಗೆ ಓಣಿಯೇ ಗುಡಿಯ ಕಡೆ ಹೋಗಿರುತ್ತದೆ. ಎಲ್ಲಾ ಮನೆಗೂ ಕೀಲಿ. ಅಂಥ ಹೊತ್ತಿನಲ್ಲಿ ಬಾಗಿಲು ಸರಿದ ಕೂಡಲೇ ಸೈರನ್ ಕೂಗಬೇಕು, ಕಳ್ಳ ನಡುಮನೆಗೆ ಬರುವತನಕ ಕಾಯಬಾರದು. ಬಾಗಿಲ ಚೌಕಟ್ಟಿಗೆ ಸ್ವಿಚ್, ಕದಕ್ಕೆ ಅಯಸ್ಕಾಂತ, ಎರಡೂ ದೂರವಾದರೆ ಸೈರನ್, ಕೆಲಸ ಇಷ್ಟೇ. ಆದರೆ ಹಳೆಯ ಜೋಡಿ ಕದಗಳು ಜೋತುಬಿದ್ದಿರುತ್ತವೆ, ಗಾಳಿಗೆ ಅಲುಗುತ್ತವೆ, ಅದಕ್ಕೆ ಸ್ವಿಚ್‌ಗೂ ಅಯಸ್ಕಾಂತಕ್ಕೂ ನಡುವೆ ಸಂದಿ ಅಗಲವಿದ್ದರೂ ಕೆಲಸ ಮಾಡುವ ಮಾದರಿಯೇ ಬೇಕು. ಕಬ್ಬಿಣದ ಗೇಟಿಗೆ ಸಾದಾ ಅಯಸ್ಕಾಂತ ನೇರವಾಗಿ ಅಂಟಿಸಿದರೆ ಅದರ ಶಕ್ತಿಯನ್ನು ಕಬ್ಬಿಣವೇ ಎಳೆದುಕೊಳ್ಳುತ್ತದೆ. ಗೇಟಿಗೂ ಅಯಸ್ಕಾಂತಕ್ಕೂ ನಡುವೆ ಕಟ್ಟಿಗೆಯ ಚಿಕ್ಕ ತುಂಡು ಕೊಟ್ಟೆ.

ಛಾವಣಿಯದು ಬೇರೆಯೇ ಕೆಲಸ. ಕಬ್ಬಿಣದ ಗರ್ಡರ್ ಮೇಲೆ ಶಹಾಬಾದ್ ಫರಸಿ ಕಲ್ಲು ಹಾಸಿದ ಛಾವಣಿ ಅದು. ಫರಸಿಗೆ ಹ್ಯಾಮರ್ ಡ್ರಿಲ್ ಹಚ್ಚಿದರೆ ಪದರು ಏಳುತ್ತದೆ, ಸೀಳಲೂಬಹುದು. ಅದಕ್ಕೆ ಎರಡು ಗರ್ಡರ್ ನಡುವೆ ಪಟ್ಟಿ ಬಿಗಿದು ಅದಕ್ಕೆ ಹೊಗೆಯ ಡಿಟೆಕ್ಟರ್ ಕೂಡಿಸಿದೆ. ಗರ್ಡರ್‌ನ ಕೆಳಗಂಚಿಗೆ ಕೂಡಿಸುವುದು ಸುಲಭ, ಆದರೆ ಹೊಗೆ ಮೊದಲು ತುಂಬುವುದು ಮೇಲಿನ ಆ ಸಂದಿಯಲ್ಲೇ. ಗೋಡೆ ಕೊರೆದು ಮುಗಿಯುವತನಕ ಡಿಟೆಕ್ಟರ್‌ನ ಧೂಳಿನ ಟೊಪ್ಪಿಗೆ ತೆಗೆಯಲಿಲ್ಲ. ಒಳಗೆ ಬೆಳಕಿನ ಕಿರಣ ಹೊಗೆಗೆ ಚದುರಿದಾಗ ಅದು ಕೂಗುತ್ತದೆ, ಕಲ್ಲಿನ ಪುಡಿ ಸೇರಿದರೂ ಹಾಗೇ ಕೂಗುತ್ತದೆ.

ಅಡಿಗೆಮನೆಗೆ ಬಂದಾಗ ಅಕ್ಕ ಬಾಗಿಲಲ್ಲೇ ನಿಂತಳು. "ತಮ್ಮಾ, ಒಗ್ಗರಣಿ ಹಾಕಿದಾಗೊಮ್ಮೆ ಇದು ಒದರಿದ್ರ ನಾ ವೈರ್ ಕಿತ್ತಿ ಒಗೀತೀನಿ ನೋಡು." ಅವಳ ಮಾತು ನೂರಕ್ಕೆ ನೂರು ಸರಿ. ಸುಳ್ಳು ಸುಳ್ಳೇ ಕೂಗುವ ಅಲಾರಂ ಯಾವ ಮನೆಯಲ್ಲೂ ಉಳಿಯುವುದಿಲ್ಲ. ಮೆಣಸಿನಕಾಯಿಯ ಘಾಟು, ಹಂಚಿನ ಮೇಲೆ ಸೀಯುವ ಜೋಳದ ಹಿಟ್ಟು, ಇವು ದಿನದ ಮಾತು. ಅಲ್ಲಿ ಹೊಗೆಯ ಡಿಟೆಕ್ಟರ್ ಬೇಡ, ಬಿಸಿ ಹಿಡಿಯುವ ಹೀಟ್ ಡಿಟೆಕ್ಟರ್ ಬೇಕು. ಸಾಮಾನ್ಯವಾಗಿ ಸಿಗುವುದು 57 ಡಿಗ್ರಿಗೆ ಕೂಗುವಂಥದ್ದು. ಅಕ್ಕನ ಅಡಿಗೆಮನೆಯ ಮೇಲೆ ತಗಡು ಇದೆ, ಬೇಸಿಗೆಯಲ್ಲಿ ಒಲೆ ಉರಿಯುವಾಗ ತಗಡಿನ ಕೆಳಗಿನ ಗಾಳಿ ಆ ಅಂಕಿಯ ಹತ್ತಿರ ಹೋಗುತ್ತದೆ. ಅದಕ್ಕೆ ಇನ್ನೂ ಹೆಚ್ಚಿನ ಡಿಗ್ರಿಗೆ ಕೂಗುವ ದರ್ಜೆಯದನ್ನೇ ತಂದೆ. ಬಿಸಿ ಏರುವ ವೇಗ ನೋಡಿ ಕೂಗುವ ಮಾದರಿಯನ್ನೂ ಬಿಟ್ಟೆ, ರೊಟ್ಟಿಯ ಒಲೆಗೆ ಅದು ಹೊಂದುವುದಿಲ್ಲ.

ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಿದು ನಿಲ್ಲುತ್ತದೆ. ಆದ್ದರಿಂದ ಗ್ಯಾಸ್ ಡಿಟೆಕ್ಟರ್ ನೆಲದಿಂದ ಒಂದು ಅಡಿಯೊಳಗೆ ಇರಬೇಕು. ಎಷ್ಟೋ ಮನೆಗಳಲ್ಲಿ ಅದನ್ನು ಚಿಮಣಿಯ ಪಕ್ಕ ಮೇಲೆ ಕೂಡಿಸಿದ್ದು ನೋಡಿ ಹೊಟ್ಟೆ ಉರಿಯುತ್ತದೆ. ಅದು ಕೂಗಿದರೆ ಸ್ವಿಚ್ ಮುಟ್ಟಬೇಡ, ರೆಗ್ಯುಲೇಟರ್ ಬಂದ್ ಮಾಡು, ಬಾಗಿಲು ತೆಗೆ, ಹೊರಗೆ ಬಂದು 1906ಕ್ಕೆ ಫೋನ್ ಮಾಡು ಅಂತ ಅಕ್ಕನಿಗೆ ಬಾಯಿಪಾಠ ಮಾಡಿಸಿದೆ. ಬೆಂಕಿಗೆ 112.

ಕರೆಂಟ್ ಹೋದಾಗ ಅಲಾರಂ ನಡೆಸುವುದು 12 ವೋಲ್ಟ್, 7 ಆ್ಯಂಪಿಯರ್-ಅವರ್ ಬ್ಯಾಟರಿ. ಎಲ್ಲ ವೈರ್ ಬಂದು ಸೇರುವ ಪ್ಯಾನೆಲ್, ಸೆನ್ಸರ್ ಸೇರಿ 200 ಮಿಲಿ ಆ್ಯಂಪಿಯರ್ ಎಳೆದರೂ ಒಂದು ಹಗಲು ರಾತ್ರಿಗೆ 4.8 ಆ್ಯಂಪಿಯರ್-ಅವರ್ ಆಯಿತು, ಸಾಕು. ಆದರೆ ಈ ಬ್ಯಾಟರಿಯ ಆಯುಷ್ಯ ಬರೆಯುವುದು ಸುಮಾರು 25 ಡಿಗ್ರಿಗೆ. ಅದರ ಮೇಲೆ ಪ್ರತಿ 10 ಡಿಗ್ರಿಗೆ ಆಯುಷ್ಯ ಅರ್ಧವಾಗುತ್ತದೆ ಅನ್ನುವುದು ನಮ್ಮ ಕೆಲಸದವರ ಲೆಕ್ಕ. ಅಕ್ಕನ ಗಂಡ ಮಾಮಾ ಪ್ಯಾನೆಲ್ಲನ್ನು ಮೆಟ್ಟಿಲ ಕೋಣೆಯಲ್ಲಿ ಹಾಕು ಅಂದರು, ಆ ಕೋಣೆಯ ತಲೆಯ ಮೇಲೇ ಬಿಸಿಲು. ಬ್ಯಾಟರಿ ಸಮೇತ ಅದನ್ನು ಒಳಗಿನ ತಂಪು ಗೋಡೆಗೆ ಹಾಕಿದೆ.

ವೈರ್ ಸರಿ ಇದೆಯೋ ಇಲ್ಲವೋ ಅಂತ ಪ್ಯಾನೆಲ್‌ಗೆ ತಿಳಿಯಲು ವೈರಿನ ಕೊನೆಯಲ್ಲಿ ಹಾಕುವ ರೆಸಿಸ್ಟರ್ ಕೊನೆಯ ಸೆನ್ಸರ್ ಒಳಗೇ ಇರಬೇಕು. ಕೆಲವರು ಸುಲಭವೆಂದು ಪ್ಯಾನೆಲ್‌ನಲ್ಲೇ ಸಿಕ್ಕಿಸಿಬಿಡುತ್ತಾರೆ. ಆಮೇಲೆ ಹೊಗೆಯ ಡಿಟೆಕ್ಟರ್‌ಗೆ ಹೋಗುವ ವೈರನ್ನು ಇಲಿ ಕಡಿದರೂ ಪ್ಯಾನೆಲ್ ಎಲ್ಲ ಸರಿ ಇದೆ ಅನ್ನುತ್ತಲೇ ಇರುತ್ತದೆ. ಅಲಾರಂ ಕೂಗಿದಾಗ ತಾನೇ ಫೋನ್ ಮಾಡುವ ಡಯಲರ್ 2ಜಿಯದಾಗಿದ್ದರೆ ಜಿಯೋ ಸಿಮ್ ನಡೆಯುವುದಿಲ್ಲ, ಬಿಎಸ್ಸೆನ್ನೆಲ್ ಹಾಕಿದೆ. ಅದರ ರೀಚಾರ್ಜ್ ನೆನಪಿಡುವುದು ಮಾಮಾನ ಪಾಲು.

ಕಳ್ಳರ ಭಯಕ್ಕೆ ಅಕ್ಕ ರಾತ್ರಿ ಗೇಟಿಗೆ ಒಳಗಿನಿಂದ ಕೀಲಿ ಹಾಕಿ ಕೀಲಿಕೈ ದಿಂಬಿನ ಕೆಳಗೆ ಇಡುತ್ತಿದ್ದಳು. ಕಿಟಕಿಗಳಿಗೆಲ್ಲ ಕಬ್ಬಿಣದ ಸರಳು, ಹೊರಬೀಳಲು ಇರುವುದು ಆ ಗೇಟ್ ಒಂದೇ. ಹೊಗೆ ತುಂಬಿದ ಕತ್ತಲಲ್ಲಿ ಮಕ್ಕಳು ಕೀಲಿಕೈ ಎಲ್ಲಿ ಹುಡುಕಬೇಕು? ಗೇಟಿನ ಒಳಬದಿಗೆ, ಹೊರಗಿನಿಂದ ಕೈ ಎಟುಕದಷ್ಟು ದೂರದಲ್ಲಿ, ಚಿಕ್ಕವಳಿಗೂ ಸಿಗುವ ಎತ್ತರದಲ್ಲಿ ಒಂದು ಮೊಳೆ ಹೊಡೆದು ಅದನ್ನು ಅಲ್ಲಿ ತೂಗುಹಾಕಿಸಿದೆ.